ಶಿವಮೊಗ್ಗದಲ್ಲಿ 104, ಮಂಗಳೂರಲ್ಲಿ 102, ಗೋವಾದಲ್ಲಿ 97: ಪೆಟ್ರೋಲ್ ದರ ಊರಿಗೊಂದು ಏಕೆ?

ಪ್ರಶ್ನೆ: ನಾವು ಶಿವಮೊಗ್ಗ ಸಮೀಪದವರು. ಮನೆಯಲ್ಲಿ ಒಂದು ಪೆಟ್ರೋಲ್ ಕಾರು, ಬಾಡಿಗೆಗೆ ಓಡುವ ಒಂದು ಡೀಸೆಲ್ ಪಿಕಪ್ ಇವೆ. ಪಿಕಪ್ ವಾರಕ್ಕೆರಡು ಸಲ ಮಂಗಳೂರಿಗೆ ಹೋಗುತ್ತದೆ. ಆಗೀಗ ಕಾಸರಗೋಡು, ಗೋವಾ ಬಾಡಿಗೆಯೂ ಸಿಗುತ್ತದೆ. ನಮ್ಮಲ್ಲಿ ಪೆಟ್ರೋಲ್ 104ರ ಆಸುಪಾಸು ಇದ್ದರೆ ಮಂಗಳೂರಲ್ಲಿ 102 ಚಿಲ್ಲರೆ, ಗೋವಾದಲ್ಲಿ 97ರ ಹತ್ತಿರ, ಕಾಸರಗೋಡಿನಲ್ಲಿ 106ರ ಮೇಲೆ. ಕಂಪನಿ ಅದೇ, ಎಣ್ಣೆ ಅದೇ. ನಮ್ಮ ಊರಿನ ಬಂಕ್‌ನವರು ತಮಗೆ ಬೇಕಾದಷ್ಟು ಸೇರಿಸಿಕೊಳ್ಳುತ್ತಿದ್ದಾರೆಯೇ? ಮಂಗಳೂರಿನಲ್ಲೇ ಎಣ್ಣೆ ಶುದ್ಧೀಕರಿಸುವ ಎಂಆರ್‌ಪಿಎಲ್ ಇರುವಾಗ ನಮ್ಮ ರಾಜ್ಯಕ್ಕೆ ಅಗ್ಗವಾಗಬೇಡವೇ? ಪರಿಚಯದ ಲಾರಿ ಮಾಲೀಕರೊಬ್ಬರು ಹೊರರಾಜ್ಯದಿಂದ ಸಿ ಫಾರ್ಮ್ ಮೇಲೆ 2% ತೆರಿಗೆಗೆ ಡೀಸೆಲ್ ತರಿಸಬಹುದು ಎನ್ನುತ್ತಾರೆ. ಇನ್ನೊಬ್ಬರು ಗೋವಾದಿಂದ ಬರುವಾಗ ಡ್ರಮ್‌ನಲ್ಲಿ ತುಂಬಿಸಿಕೊಂಡು ಬನ್ನಿ ಎನ್ನುತ್ತಾರೆ. ಜಿಎಸ್‌ಟಿ ಬಂದರೆ ಎಲ್ಲ ಕಡೆ ಒಂದೇ ದರವಾಗುತ್ತದೆ ಎಂಬ ಮಾತೂ ಕೇಳಿದ್ದೇವೆ. ಯಾವುದು ನಿಜ? ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವ್ಯತ್ಯಾಸಗಳು ಒಂದರೊಳಗೊಂದು ಸೇರಿಕೊಂಡಿವೆ. ಶಿವಮೊಗ್ಗಕ್ಕೂ ಮಂಗಳೂರಿಗೂ ಇರುವ ಒಂದೂವರೆ–ಎರಡು ರೂಪಾಯಿ ಅಂತರ ಸಾಗಣೆಯಿಂದ ಬಂದದ್ದು. ಕರ್ನಾಟಕಕ್ಕೂ ಗೋವಾ, ಕೇರಳಗಳಿಗೂ ಇರುವ ಅಂತರ ರಾಜ್ಯ ಸರ್ಕಾರಗಳ ತೆರಿಗೆಯಿಂದ ಬಂದದ್ದು. ಸರ್ಕಾರಿ ತೈಲ ಕಂಪನಿಗಳ ಬಂಕ್ ಮಾಲೀಕರ ಕೈ ಈ ಎರಡರಲ್ಲೂ ಇಲ್ಲ. ಅವರಿಗೆ ದರ ನಿಗದಿ ಮಾಡುವ ಅಧಿಕಾರವೇ ಇಲ್ಲ. ಕಂಪನಿ ಕಳಿಸಿದ ದರ ಬೆಳಿಗ್ಗೆ 6 ಗಂಟೆಗೆ ಯಂತ್ರಕ್ಕೆ ಬರುತ್ತದೆ, ಅದನ್ನೇ ವಸೂಲಿ ಮಾಡಬೇಕು. ಅವರಿಗೆ ಸಿಗುವುದು ಲೀಟರಿಗೆ ಇಷ್ಟು ಎಂದು ಗೊತ್ತುಮಾಡಿದ ಕಮಿಷನ್. 2024ರ ಅಕ್ಟೋಬರ್ ಕೊನೆಯಲ್ಲಿ ಅದನ್ನು ಏರಿಸಿದ ಮೇಲೆ ಪೆಟ್ರೋಲಿಗೆ ಸರಾಸರಿ 4 ರೂಪಾಯಿ 40 ಪೈಸೆ, ಡೀಸೆಲ್ಲಿಗೆ ಸುಮಾರು 3 ರೂಪಾಯಿ. ಬಂಕ್‌ನಲ್ಲಿ ಮೋಸ ನಡೆಯುವುದೇ ಇಲ್ಲವೆಂದಲ್ಲ, ಆದರೆ ನಡೆದರೆ ಅದು ಅಳತೆಯಲ್ಲಿ ನಡೆಯುತ್ತದೆ, ಬೋರ್ಡಿನ ದರದಲ್ಲಿ ಅಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೆಳಗಿನ ಲೆಕ್ಕಕ್ಕೆಲ್ಲ 2025ರ ಮಧ್ಯಭಾಗದ ದರಗಳನ್ನು ತೆಗೆದುಕೊಂಡಿದ್ದೇನೆ. ದರ ಬದಲಾದರೂ ಲೆಕ್ಕದ ವಿಧಾನ ಬದಲಾಗುವುದಿಲ್ಲ.

ರಾಜ್ಯದ ತೆರಿಗೆ ಸೇರುವ ಮೊದಲು ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮೊದಲು ನೋಡಿ. ತೈಲ ಕಂಪನಿ ಬಂಕಿಗೆ ಹಾಕುವ ಬೆಲೆ, ಸಾಗಣೆ ಸೇರಿ, ಸುಮಾರು 53 ರೂಪಾಯಿ. ಕೇಂದ್ರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ. ಕಮಿಷನ್ 4 ರೂಪಾಯಿ 40 ಪೈಸೆ. ಒಟ್ಟು 79 ರೂಪಾಯಿ ಚಿಲ್ಲರೆ. ಕೇಂದ್ರದ ಸುಂಕ ಲೀಟರಿಗಿಷ್ಟು ಎಂದು ದೇಶಕ್ಕೆಲ್ಲ ಒಂದೇ ಇರುವುದರಿಂದ, ಬೆಂಗಳೂರಾಗಲಿ ಚೆನ್ನೈ ಆಗಲಿ ದೆಹಲಿಯಾಗಲಿ ಈ 79ರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಈಗ ಈ 79 ರೂಪಾಯಿ 20 ಪೈಸೆಯ ಮೇಲೆ ಒಂದೊಂದು ರಾಜ್ಯದ ತೆರಿಗೆ ಹಾಕಿ ನೋಡೋಣ. ಕರ್ನಾಟಕದ ಮಾರಾಟ ತೆರಿಗೆ ಪೆಟ್ರೋಲಿಗೆ 29.84%. ಅಂದರೆ 23 ರೂಪಾಯಿ 63 ಪೈಸೆ, ಒಟ್ಟು 102.83. ಬೆಂಗಳೂರಿನ ಬೋರ್ಡಿನಲ್ಲಿ ಕಾಣುವುದು ಹೆಚ್ಚುಕಡಿಮೆ ಇದೇ. ತಮಿಳುನಾಡು 13% ಹಾಕಿ, ಅದರ ಮೇಲೆ ಲೀಟರಿಗೆ 11 ರೂಪಾಯಿ 52 ಪೈಸೆ ಸೇರಿಸುತ್ತದೆ, ಒಟ್ಟು 101. ಕೇರಳ 30.08%, ಮೇಲೆ 1 ರೂಪಾಯಿ ಹೆಚ್ಚುವರಿ ತೆರಿಗೆ, ಒಂದು ಸಣ್ಣ ಸೆಸ್, 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಹೆಸರಲ್ಲಿ ಇನ್ನೂ 2 ರೂಪಾಯಿ. ಒಟ್ಟು 106ರ ಮೇಲೆ. ಆಂಧ್ರ ಪ್ರದೇಶ 31%, ಜೊತೆಗೆ 4 ರೂಪಾಯಿ, ರಸ್ತೆ ಸೆಸ್ 1 ರೂಪಾಯಿ, ಒಟ್ಟು 108.75. ಗೋವಾದ್ದು ಎಲ್ಲ ಸೇರಿ ಸುಮಾರು 22%, ಒಟ್ಟು 96.60. ಅಂಡಮಾನ್‌ನಲ್ಲಿ ತೆರಿಗೆ ಬರೇ 1%, ಹಾಗಾಗಿ ಹಡಗಿನಲ್ಲಿ ಸಾಗಿಸಿದ ಮೇಲೂ ಪೋರ್ಟ್‌ಬ್ಲೇರ್‌ನಲ್ಲಿ (ಈಗಿನ ಹೆಸರು ಶ್ರೀ ವಿಜಯಪುರಂ) ಪೆಟ್ರೋಲ್ 82 ರೂಪಾಯಿ ಚಿಲ್ಲರೆಗೆ ಸಿಗುತ್ತದೆ. ನೀವು ಕೊಟ್ಟ ಗೋವಾ, ಕಾಸರಗೋಡಿನ ದರಗಳು ಈ ಲೆಕ್ಕದ ಹತ್ತಿರ ಹತ್ತಿರವೇ ಬಂದು ಕೂರುತ್ತವೆ. ಗಡಿ ದಾಟಿದರೆ ಕಾಣುವ ವ್ಯತ್ಯಾಸಕ್ಕೆ ಬೇರೆ ಗುಟ್ಟೇನೂ ಇಲ್ಲ.

ಕರ್ನಾಟಕ, ಗೋವಾಗಳಲ್ಲಿ ತೆರಿಗೆ ಶೇಕಡಾವಾರು. ತಮಿಳುನಾಡಿನಲ್ಲಿ ಅರ್ಧ ಶೇಕಡಾವಾರು, ಅರ್ಧ ಲೀಟರಿಗಿಷ್ಟು ಎಂಬ ಲೆಕ್ಕ. ಇದನ್ನು ಗಮನಿಸದೇ ಇದ್ದರೆ ಅಂತರ ಸದಾ ಒಂದೇ ಇರುತ್ತದೆ ಎಂದು ತಪ್ಪು ತಿಳಿಯುತ್ತೇವೆ. ಕಚ್ಚಾ ತೈಲ ತುಟ್ಟಿಯಾಗಿ ಮೂಲ ಬೆಲೆ 10 ರೂಪಾಯಿ ಏರಿತೆನ್ನಿ. ಕರ್ನಾಟಕದ ಬಂಕ್‌ನಲ್ಲಿ ಅದು 12 ರೂಪಾಯಿ 98 ಪೈಸೆ ಏರಿಕೆಯಾಗುತ್ತದೆ, ತಮಿಳುನಾಡಿನಲ್ಲಿ 11 ರೂಪಾಯಿ 30 ಪೈಸೆ. ಇಳಿಯುವಾಗಲೂ ಹಾಗೆಯೇ, ನಮ್ಮಲ್ಲಿ ಹೆಚ್ಚು ಇಳಿಯಬೇಕು. ಜನರ ಕಣ್ಣಿಗೆ ಬೀಳುವುದು ಏರಿಕೆ ಮಾತ್ರ, ಏಕೆಂದರೆ 2022ರ ಏಪ್ರಿಲ್ ನಂತರ 2025ರ ಮಧ್ಯಭಾಗದವರೆಗೆ ಸರ್ಕಾರಿ ಕಂಪನಿಗಳು ತಮ್ಮ ಮೂಲ ದರವನ್ನು ಹೆಚ್ಚುಕಡಿಮೆ ಅಲುಗಾಡಿಸಿರಲಿಲ್ಲ. 2024ರ ಮಾರ್ಚ್‌ನಲ್ಲಿ 2 ರೂಪಾಯಿ ಇಳಿಸಿದ್ದೊಂದೇ ದೊಡ್ಡ ಬದಲಾವಣೆ. ಉಳಿದ ಏರಿಳಿತಗಳೆಲ್ಲ ಕೇಂದ್ರ, ರಾಜ್ಯ ಸರ್ಕಾರಗಳು ತೆರಿಗೆ ಮುಟ್ಟಿದ್ದರಿಂದ ಆದವು.

ಈ ತೆರಿಗೆಗಳು ಹೇಗೆ ಗಡಿಯ ದಿಕ್ಕನ್ನೇ ಬದಲಿಸುತ್ತವೆ ಎಂಬುದಕ್ಕೆ ತಮಿಳುನಾಡು ಗಡಿಯ ಅತ್ತಿಬೆಲೆ–ಹೊಸೂರು ಒಳ್ಳೆಯ ಉದಾಹರಣೆ. 2021ರ ನವೆಂಬರ್‌ನಲ್ಲಿ ಕರ್ನಾಟಕ ಎರಡೂ ಇಂಧನಗಳ ಮೇಲೆ 7 ರೂಪಾಯಿಯಷ್ಟು ತೆರಿಗೆ ಇಳಿಸಿತು. ಪೆಟ್ರೋಲಿನ ತೆರಿಗೆ 35%ನಿಂದ 25.9%ಗೆ ಬಂತು. ಬೆಂಗಳೂರಿನ ದರ ಚೆನ್ನೈಗಿಂತ ಕೆಳಗಿಳಿಯಿತು. 2024ರ ಜೂನ್ 15ರಂದು ಇದೇ ತೆರಿಗೆ 25.92%ನಿಂದ 29.84%ಗೆ ಏರಿದಾಗ ಬೆಂಗಳೂರಿನ ಪೆಟ್ರೋಲ್ 99.84ರಿಂದ ಸುಮಾರು 3 ರೂಪಾಯಿ ಮೇಲೆ ಹೋಯಿತು. ಚೆನ್ನೈ ದರ 100 ಚಿಲ್ಲರೆಯಲ್ಲೇ ಉಳಿಯಿತು. ಡೀಸೆಲ್ ಕತೆ ಬೇರೆ. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ 18.44%ನಿಂದ 21.17%ಗೆ ಏರಿ, ಬೆಂಗಳೂರಲ್ಲಿ ದರ 91 ರೂಪಾಯಿ ಮುಟ್ಟಿದರೂ ಅದು ಹೊಸೂರಿಗಿಂತ ಸುಮಾರು 3, ಕಾಸರಗೋಡು ಮತ್ತು ಹೈದರಾಬಾದಿಗಿಂತ 4 ರೂಪಾಯಿಗೂ ಹೆಚ್ಚು, ಅನಂತಪುರಕ್ಕಿಂತ 6 ರೂಪಾಯಿ ಅಗ್ಗವಾಗಿಯೇ ಇತ್ತು. ಮಹಾರಾಷ್ಟ್ರದ ಕಾಗಲ್‌ನಲ್ಲಿ ಮಾತ್ರ ಹೆಚ್ಚುಕಡಿಮೆ ನಮ್ಮಷ್ಟೇ. ಆದ್ದರಿಂದ "ಕರ್ನಾಟಕದಲ್ಲಿ ತುಟ್ಟಿ" ಎಂಬ ಮಾತು ಹೆಚ್ಚಾಗಿ ಪೆಟ್ರೋಲಿಗೆ, ಅದೂ ಕೆಲವು ಗಡಿಗಳಲ್ಲಿ ಮಾತ್ರ ಹೊಂದುತ್ತದೆ. ಪಿಕಪ್ ಓಡಿಸುವ ನೀವು ಇದನ್ನು ನೆನಪಿಡಬೇಕು, ಏಕೆಂದರೆ ನಿಮ್ಮ ಹೆಚ್ಚಿನ ಖರ್ಚು ಡೀಸೆಲ್ಲಿನದು.

ರಾಜ್ಯಗಳು ಪೆಟ್ರೋಲಿನ ಮೇಲೆಯೇ ಏಕೆ ಇಷ್ಟು ಭಾರ ಹೇರುತ್ತವೆ ಎಂದು ಕೋಪ ಬರುವುದು ಸಹಜ. ಅದರ ಬುಡ ತಿಳಿಯಲು ಕೇಂದ್ರದ 21 ರೂಪಾಯಿ 90 ಪೈಸೆಯನ್ನು ಬಿಡಿಸಿ ನೋಡಬೇಕು. ಅದರಲ್ಲಿ ಮೂಲ ಅಬಕಾರಿ ಸುಂಕ ಕೇವಲ 1 ರೂಪಾಯಿ 40 ಪೈಸೆ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ 2.50, ರಸ್ತೆ ಮೂಲಸೌಕರ್ಯ ಸೆಸ್ 5 ರೂಪಾಯಿ. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕ ಮಾತ್ರ. 15ನೇ ಹಣಕಾಸು ಆಯೋಗದ ಪ್ರಕಾರ ಅದರ 41%, ಎಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ ಪಾಲು, ಆ ಆಯೋಗದ ಅವಧಿಯಾದ 2025–26ರವರೆಗೆ, 3.647%. ಲೆಕ್ಕ ಹಾಕಿದರೆ ಲೀಟರಿಗೆ 2 ಪೈಸೆ. ಇನ್ನೊಂದು ಕಡೆ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವಾಗಿಯೇ ಏರಿಸಿ ಇಳಿಸಬಹುದಾದ ದೊಡ್ಡ ಆದಾಯಗಳು ಬೆರಳೆಣಿಕೆಯಷ್ಟೇ ಉಳಿದಿವೆ: ಪೆಟ್ರೋಲ್–ಡೀಸೆಲ್, ಮದ್ಯ, ನೋಂದಣಿ ಶುಲ್ಕ, ವಾಹನ ತೆರಿಗೆ. ಬಜೆಟ್ಟಿನಲ್ಲಿ ಹಣ ಸಾಲದೇ ಬಂದಾಗ ಯಾವ ಪಕ್ಷದ ಸರ್ಕಾರವೇ ಇರಲಿ, ಕೈ ಮೊದಲು ಇವುಗಳ ಕಡೆಗೇ ಹೋಗುತ್ತದೆ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ದರ ಇಳಿಸಿ ಎಂದು ಕೇಳುವವರು ಯಾರನ್ನು ಏನು ಕೇಳಬೇಕು ಎಂಬುದು ಸ್ಪಷ್ಟವಾಗಿರಲಿ ಎಂದು ಹೇಳುತ್ತಿದ್ದೇನೆ.

ಇನ್ನು ನಿಮ್ಮ ಊರಿನ ವಿಷಯ. ರಾಜ್ಯ ಒಂದೇ, ತೆರಿಗೆ ಒಂದೇ, ಆದರೂ ಮಂಗಳೂರಿಗಿಂತ ಶಿವಮೊಗ್ಗದಲ್ಲಿ ಒಂದೂವರೆ–ಎರಡು ರೂಪಾಯಿ ಹೆಚ್ಚು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಹೊಸಪೇಟೆ ಕಡೆಯವರ ದೂರೂ ಇದೇ.

ಇಂಧನ ಸಾಗಿಸುವ ದಾರಿಗಳಲ್ಲಿ ಅತಿ ಅಗ್ಗದ್ದು ಕೊಳವೆಮಾರ್ಗ, ನಂತರ ರೈಲು, ಅತಿ ದುಬಾರಿ ಟ್ಯಾಂಕರ್ ಲಾರಿ. ಮಂಗಳೂರಿನ ಶುದ್ಧೀಕರಣ ಘಟಕದಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆಮಾರ್ಗವಿದೆ. 2003ರಿಂದ ಕೆಲಸ ಮಾಡುತ್ತಿದೆ. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಪಂಪ್ ಮಾಡಿ ಎಣ್ಣೆಯನ್ನು ಘಟ್ಟದ ಮೇಲಕ್ಕೆ ಏರಿಸುತ್ತಾರೆ. ಹಾಸನದಲ್ಲಿ ಒಂದಿಷ್ಟು ಇಳಿಸಿ, ಉಳಿದದ್ದು ಹೊಸಕೋಟೆ ಹತ್ತಿರದ ದೇವನಗುಂದಿಗೆ ಹೋಗುತ್ತದೆ. ದೇವನಗುಂದಿಗೆ ಚೆನ್ನೈ ಕಡೆಯಿಂದಲೂ ಇನ್ನೊಂದು ಕೊಳವೆಮಾರ್ಗ ಬರುತ್ತದೆ. ಅಂದರೆ ಬೆಂಗಳೂರು ಸಮುದ್ರದಿಂದ ಎಷ್ಟೇ ದೂರವಿದ್ದರೂ ಎಣ್ಣೆಯ ಲೆಕ್ಕದಲ್ಲಿ ಅದು ಬಾಗಿಲ ಬಳಿಯೇ ಇದೆ. ಶಿವಮೊಗ್ಗಕ್ಕೆ ಈ ಭಾಗ್ಯವಿಲ್ಲ. ಸರಕು ಹಾಸನದಿಂದ ಬರಲಿ, ಮಂಗಳೂರಿನಿಂದಲೇ ಬರಲಿ, ನಿಮ್ಮ ಬಂಕ್‌ವರೆಗಿನ ಅಷ್ಟೂ ದೂರವನ್ನು ಟ್ಯಾಂಕರ್ ಕ್ರಮಿಸಬೇಕು. ಆಗುಂಬೆ ಘಾಟಿಯಲ್ಲಿ ಭಾರೀ ವಾಹನಕ್ಕೆ ಅವಕಾಶವಿಲ್ಲ. ಬೇರೆ ಘಾಟಿಗಳ ಮೂಲಕ ಸುತ್ತಿ ಬರಬೇಕು. ಟ್ಯಾಂಕರ್ ಬಾಡಿಗೆಯನ್ನು ಹೋಗಿಬರುವ ಎರಡೂ ದಾರಿಗೆ ಲೆಕ್ಕ ಹಾಕುತ್ತಾರೆ, ಏಕೆಂದರೆ ಪೆಟ್ರೋಲ್ ಇಳಿಸಿದ ಟ್ಯಾಂಕರ್ ವಾಪಸಾಗುವಾಗ ಬೇರೆ ಸರಕು ಹೇರುವಂತಿಲ್ಲ, ಖಾಲಿಯೇ ಹೋಗಬೇಕು.

ಇದರ ಜೊತೆಗೆ ಪ್ರತಿ ಬಂಕಿಗೂ ಅದರದೇ ಕಂಪನಿಯ ಇಂಥದೇ ಡಿಪೋ ಎಂದು ಗೊತ್ತುಮಾಡಿರುತ್ತಾರೆ. ಪಕ್ಕದ ಬಂಕ್ ಬೇರೆ ಕಂಪನಿಯದಾಗಿದ್ದರೆ ಅದರ ಎಣ್ಣೆ ಬೇರೆ ಡಿಪೋದಿಂದ, ಬೇರೆ ದೂರದಿಂದ ಬರಬಹುದು. ಒಂದೇ ರಸ್ತೆಯ ಎರಡು ಬಂಕ್‌ಗಳಲ್ಲಿ ಹತ್ತಿಪ್ಪತ್ತು ಪೈಸೆ ಹೆಚ್ಚುಕಡಿಮೆ ಕಂಡರೆ ಕಾರಣ ಇದೇ. ಖಾಸಗಿ ಕಂಪನಿಗಳ ಬಂಕ್‌ಗಳಲ್ಲಿ ಮಾತ್ರ ಕಂಪನಿ ತನ್ನದೇ ದರ ಇಡುತ್ತದೆ, ಅಲ್ಲಿ ರೂಪಾಯಿಗಳ ವ್ಯತ್ಯಾಸವೂ ಇರಬಹುದು. ಎಕ್ಸ್‌ಪಿ95, ಸ್ಪೀಡ್, ಪವರ್ ಮುಂತಾದ ಹೆಸರಿನ ಪೆಟ್ರೋಲಿಗೂ ಸಾದಾ ಪೆಟ್ರೋಲಿಗೂ ಹೋಲಿಸಿ ಗೊಂದಲ ಮಾಡಿಕೊಳ್ಳುವವರು ತುಂಬ ಜನ. ಅವು ಬೇರೆಯೇ ಸರಕು, ದರವೂ ಬೇರೆ.

ಸಾಗಣೆಯ ಮೇಲೂ ತೆರಿಗೆ ಬೀಳುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಶಿವಮೊಗ್ಗದ ಬಂಕಿಗೆ ತಲುಪಿಸಲು ಲೀಟರಿಗೆ 1 ರೂಪಾಯಿ 30 ಪೈಸೆ ಹೆಚ್ಚು ತಗಲುತ್ತದೆ ಎಂದುಕೊಳ್ಳಿ. ರಾಜ್ಯದ ತೆರಿಗೆ ಶೇಕಡಾವಾರು ಇರುವುದರಿಂದ, ಬಂಕಿಗೆ ಮುಟ್ಟಿಸಿದ ಬೆಲೆಯ ಮೇಲೆ ಅದು ಬೀಳುತ್ತದೆ. ಆ 1 ರೂಪಾಯಿ 30 ಪೈಸೆಯ ಮೇಲೆ 39 ಪೈಸೆ ತೆರಿಗೆ ಸೇರಿ ನಿಮ್ಮ ಕೈಯಿಂದ 1 ರೂಪಾಯಿ 69 ಪೈಸೆ ಹೋಗುತ್ತದೆ. ದೂರದ ಊರಿನವರು ದೂರಕ್ಕೂ ತೆರಿಗೆ ಕಟ್ಟುತ್ತಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ. ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ತೆರಿಗೆ ಹಾಕಿದರೆ ಸರ್ಕಾರದ ಒಟ್ಟು ಆದಾಯಕ್ಕೆ ಕುಂದು ಬಾರದಂತೆ ಈ ಅನ್ಯಾಯ ತಪ್ಪಿಸಬಹುದು, ಅದಕ್ಕೆ ದೆಹಲಿಯ ಅಪ್ಪಣೆಯೂ ಬೇಡ. ಘಟ್ಟದ ಮೇಲಿನ ಮತ್ತು ಬಯಲುಸೀಮೆಯ ಜಿಲ್ಲೆಗಳ ಶಾಸಕರು ಕೇಳಬೇಕಾದ ವಿಷಯ ಇದು. ಕಂಪನಿಗಳ ಕಡೆಯಿಂದಲೂ ದಾರಿಯಿದೆ: 2024ರ ಅಕ್ಟೋಬರ್‌ನಲ್ಲಿ ಅವು ರಾಜ್ಯದೊಳಗಿನ ಸಾಗಣೆ ಲೆಕ್ಕವನ್ನು ಸರಿಹೊಂದಿಸಿದಾಗ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯ ಕೆಲವು ಕಡೆ ಪೆಟ್ರೋಲ್ ದರ 4 ರೂಪಾಯಿಗಿಂತ ಹೆಚ್ಚು ಇಳಿಯಿತು.

ಮಂಗಳೂರಿನಲ್ಲೇ ಶುದ್ಧೀಕರಣ ಘಟಕ ಇದ್ದೂ ಏಕೆ ಅಗ್ಗವಿಲ್ಲ ಎಂದು ಕೇಳಿದ್ದೀರಿ. ಅದರ ಲಾಭ ಮಂಗಳೂರು, ಉಡುಪಿಯವರಿಗೆ ಸಾಗಣೆಯಲ್ಲಿ ಉಳಿಯುವ ಒಂದೆರಡು ರೂಪಾಯಿ ಮಾತ್ರ. ಎಂಆರ್‌ಪಿಎಲ್ ಎಣ್ಣೆ ಶುದ್ಧೀಕರಿಸಲು ತನಗೆ ತಗಲಿದ ವೆಚ್ಚದ ಮೇಲೆ ಬೆಲೆ ಕಟ್ಟುವುದಿಲ್ಲ. ಅದೇ ಪೆಟ್ರೋಲನ್ನು ವಿದೇಶದಿಂದ ತರಿಸಿದ್ದರೆ ಎಷ್ಟು ಬೀಳುತ್ತಿತ್ತು ಎಂಬುದಕ್ಕೆ 80% ತೂಕ, ವಿದೇಶಕ್ಕೆ ಮಾರಿದ್ದರೆ ಎಷ್ಟು ಸಿಗುತ್ತಿತ್ತು ಎಂಬುದಕ್ಕೆ 20% ತೂಕ ಕೊಟ್ಟು ಲೆಕ್ಕ ಹಾಕುವ ಪದ್ಧತಿ 2006ರಿಂದ ಬಂದಿದೆ. ಕಚ್ಚಾ ತೈಲವೂ ಹೊರಗಿನದೇ. ಹಾಗಾಗಿ ಘಟಕ ಪಣಂಬೂರಿನ ಪಕ್ಕದಲ್ಲಿದ್ದರೂ ಬೆಲೆ ಹುಟ್ಟುವುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ. ಎಥೆನಾಲ್ ವಿಷಯದಲ್ಲೂ ಇಂಥದೇ ನಿರೀಕ್ಷೆ ಇದೆ: ಕಬ್ಬು ನಮ್ಮದು, ಎಥೆನಾಲ್ ನಮ್ಮದು, 20% ಬೆರೆಸಿದರೆ ಅಗ್ಗವಾಗಬೇಕಲ್ಲ ಎಂದು. 2024–25ರ ಹಂಗಾಮಿನಲ್ಲಿ ಕಂಪನಿಗಳು ಎಥೆನಾಲಿಗೆ ಕೊಟ್ಟ ದರ ಮೂಲವಸ್ತುವಿನ ಮೇಲೆ ಲೀಟರಿಗೆ ಸುಮಾರು 58ರಿಂದ 72 ರೂಪಾಯಿ. ಸುಂಕ ಸೇರದ ಪೆಟ್ರೋಲಿನ ಬೆಲೆಗಿಂತ ಇದು ಹೆಚ್ಚೇ.

ಇನ್ನೊಂದು ಗೊಂದಲ ಸುದ್ದಿ ತಾಣಗಳಿಂದ ಹುಟ್ಟಿದ್ದು. "ಇಂದು ಶಿವಮೊಗ್ಗದಲ್ಲಿ ಪೆಟ್ರೋಲ್ 47 ಪೈಸೆ ಏರಿಕೆ, ಹಾಸನದಲ್ಲಿ 30 ಪೈಸೆ ಇಳಿಕೆ" ಎಂಬಂಥ ಪಟ್ಟಿಗಳು ದಿನವೂ ಬರುತ್ತವೆ. ಜಿಲ್ಲೆಯೊಳಗೆ ಬಂಕಿನಿಂದ ಬಂಕಿಗೆ ದರ ಬೇರೆ ಇರುವುದರಿಂದ, ಇಂದು ಒಂದು ಬಂಕಿನ ದರ, ನಾಳೆ ಇನ್ನೊಂದರ ದರ ತೆಗೆದುಕೊಂಡರೆ ಏರಿಳಿತ ಆದಂತೆ ಕಾಣುತ್ತದೆ. ನಿಮ್ಮ ಬಂಕಿನ ದರ ತಿಂಗಳುಗಟ್ಟಲೆ ಹಾಗೇ ಇರಬಹುದು. ನಿಖರ ದರ ಬೇಕಾದರೆ ಬಂಕ್‌ನಲ್ಲಿ ಬರೆದಿರುವ ಡೀಲರ್ ಕೋಡ್ ಗುರುತು ಹಾಕಿಕೊಳ್ಳಿ. ಇಂಡಿಯನ್ ಆಯಿಲ್ ಬಂಕ್ ಆಗಿದ್ದರೆ ಇಂಗ್ಲಿಷಿನಲ್ಲಿ ಆರ್, ಎಸ್, ಪಿ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಕೋಡ್ ಹಾಕಿ 9224992249ಕ್ಕೆ ಎಸ್‌ಎಂಎಸ್ ಕಳಿಸಿದರೆ ಅದೇ ಬಂಕಿನ ಅಂದಿನ ದರ ಬರುತ್ತದೆ. ಕಂಪನಿಗಳ ಆ್ಯಪ್‌ಗಳಲ್ಲೂ ಬಂಕ್‌ವಾರು ದರ ಸಿಗುತ್ತದೆ.

ಇಷ್ಟು ತಿಳಿದ ಮೇಲೆ ನೀವು ಮಾಡಬಹುದಾದದ್ದೇನು?

ಎಲ್ಲಿ ತುಂಬಿಸಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಲೀಟರಿಗೆ ಉಳಿಯುವ ಹಣವನ್ನು ತುಂಬಿಸುವ ಲೀಟರುಗಳಿಂದ ಗುಣಿಸಿ. ಬಂದ ಮೊತ್ತವನ್ನು ನಿಮ್ಮ ವಾಹನಕ್ಕೆ ಕಿಲೋಮೀಟರಿಗೆ ತಗಲುವ ಇಂಧನ ಖರ್ಚಿನಿಂದ ಭಾಗಿಸಿ. ಹೋಗಿಬರುವುದು ಸೇರಿ ಅಷ್ಟು ಕಿಲೋಮೀಟರ್ ಮಾತ್ರ ದಾರಿ ಬಿಟ್ಟು ಹೋಗಬಹುದು. ಅದಕ್ಕಿಂತ ಹೆಚ್ಚಾದರೆ ನಷ್ಟ. ಪಿಕಪ್ ಲೀಟರಿಗೆ 12 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ 60 ಪೈಸೆ ಡೀಸೆಲ್. ಮಂಗಳೂರಿನಲ್ಲಿ ಲೀಟರಿಗೆ ಒಂದೂವರೆ ರೂಪಾಯಿ ಕಡಿಮೆ ಇದ್ದು 50 ಲೀಟರ್ ತುಂಬಿಸಿದರೆ 75 ರೂಪಾಯಿ ಉಳಿಯಿತು. ಹತ್ತು ಕಿ.ಮೀ. ಸುತ್ತಿ ಹೋದರೆ ಅದಷ್ಟೂ ಹೊಗೆಯಾಗಿ ಹೋಯಿತು. ಆದರೆ ನಿಮ್ಮ ಪಿಕಪ್ ಹೇಗೂ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತದಲ್ಲ. ಬಾಡಿಗೆಯ ದಾರಿಯಲ್ಲೇ ಇರುವ ಬಂಕ್‌ನಲ್ಲಿ ವಾಪಸಾಗುವ ಮುನ್ನ ತುಂಬಿಸಿದರೆ ತಿಂಗಳಿಗೆ 600 ರೂಪಾಯಿಯಷ್ಟು ಉಳಿತಾಯ. ಶಿವಮೊಗ್ಗದಿಂದ ಹೊರಡುವಾಗ ಹೋಗಲು ಸಾಕಾಗುವಷ್ಟು, ಜೊತೆಗೆ ಘಾಟಿಯಲ್ಲಿ ರಸ್ತೆ ಬಂದ್ ಆದರೆಂದು ಹತ್ತು ಲೀಟರ್ ಹೆಚ್ಚು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಟ್ಯಾಂಕ್ ಕೆಳಮಟ್ಟಕ್ಕೆ ಇಳಿಸಿಕೊಂಡು ಘಟ್ಟ ಹತ್ತುವುದು ಬೇಡ.

ಕಾಸರಗೋಡಿಗೆ ಹೋಗುವಾಗ ತಲಪಾಡಿ ದಾಟುವ ಮುಂಚೆಯೇ ತುಂಬಿಸಿ. ಆ ಕಡೆ ಪೆಟ್ರೋಲೂ ತುಟ್ಟಿ, ಡೀಸೆಲ್ಲೂ ತುಟ್ಟಿ. ಆ ಕಡೆಯವರೇ ಈ ಕಡೆ ಬಂದು ತುಂಬಿಸಿಕೊಂಡು ಹೋಗುತ್ತಾರೆ. ಗೋವಾಕ್ಕೆ ಹೋಗುವಾಗ ಉಲ್ಟಾ: ಕಾರವಾರದಲ್ಲಿ ಬೇಕಾದಷ್ಟು ಮಾತ್ರ ಹಾಕಿಸಿ, ಪೋಳೆಂ ದಾಟಿದ ಮೇಲೆ ತುಂಬಿಸಿ, ಬರುವಾಗ ಗಡಿಗೆ ಮೊದಲು ಮತ್ತೊಮ್ಮೆ ಟ್ಯಾಂಕ್ ಭರ್ತಿ ಮಾಡಿಸಿ. ವಾಹನದ ಸ್ವಂತ ಟ್ಯಾಂಕಿನಲ್ಲಿ ಎಷ್ಟು ತಂದರೂ ಯಾರೂ ಕೇಳುವಂತಿಲ್ಲ. ಕಾರಿನ ವಿಷಯಕ್ಕೆ ಬಂದರೆ, 30 ಲೀಟರಿಗೆ 1 ರೂಪಾಯಿ 70 ಪೈಸೆಯಂತೆ ಉಳಿಯುವುದು 51 ರೂಪಾಯಿ. ಅದಕ್ಕಾಗಿ ಬೇರೆ ಊರಿಗೆ ಹೋಗುವ ಮಾತೇ ಬೇಡ.

ಡ್ರಮ್ಮಿನಲ್ಲಿ ತರುವ ಸಲಹೆಯನ್ನು ದಯವಿಟ್ಟು ಕೇಳಬೇಡಿ, ಅದರಲ್ಲೂ ಪೆಟ್ರೋಲ್ ವಿಷಯದಲ್ಲಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ, ಮಾರಾಟಕ್ಕಲ್ಲದೆ, ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ. ಆದರೆ ಕಾನೂನಿಗಿಂತ ಹೆಚ್ಚು ಹೆದರಬೇಕಾದದ್ದು ಆವಿಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಅಡುಗೆಮನೆಯ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಕ್ಯಾನಿಗೆ ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೇ ಸಾಕು. 35 ಲೀಟರಿನ ಕ್ಯಾನ್ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಿಸಿಲಲ್ಲಿ ಕಾರವಾರದಿಂದ ಶಿವಮೊಗ್ಗದವರೆಗೆ ಬರುವುದೆಂದರೆ, 250 ರೂಪಾಯಿಗಾಗಿ ಮನೆಮಂದಿಯ ಜೀವ ಒತ್ತೆ ಇಟ್ಟಂತೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ, ಎಂಜಿನ್ ಕೆಮ್ಮಲು ಶುರುಮಾಡುತ್ತದೆ.

ಡೀಸೆಲ್ ಅಷ್ಟು ಅಪಾಯಕಾರಿಯಲ್ಲ. ಒಂದೊಂದು ಪಾತ್ರೆ 1,000 ಲೀಟರ್ ಮೀರದಂತೆ ಒಟ್ಟು 2,500 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಅದೇ ಕಾಯ್ದೆ ಬಿಡುತ್ತದೆ. ಆದರೂ ಒಂದು ಪಿಕಪ್ ಇರುವವರಿಗೆ ಅದು ಲಾಭದ ಕೆಲಸವಲ್ಲ. ಅರ್ಧ ಖಾಲಿ ಡ್ರಮ್ಮಿನೊಳಗೆ ರಾತ್ರಿ ತಂಪಿಗೆ ನೀರು ಹನಿಗಟ್ಟುತ್ತದೆ. ಮಲೆನಾಡಿನಲ್ಲಿ ಕೇಳುವುದೇ ಬೇಡ. ನೀರು ತಳದಲ್ಲಿ ನಿಂತು, ಡೀಸೆಲ್ಲು ನೀರು ಸೇರುವ ಗೆರೆಯಲ್ಲಿ ಲೋಳೆಯಂಥ ಬೂಷ್ಟು ಬೆಳೆಯುತ್ತದೆ, ಫಿಲ್ಟರ್ ಕಟ್ಟುತ್ತದೆ. ಬಿಎಸ್‌6 ಎಂಜಿನ್ನಿನ ಇಂಜೆಕ್ಟರ್‌ಗೆ ನೀರು ಹೋದರೆ ಬರುವ ರಿಪೇರಿ ಬಿಲ್ಲು ವರ್ಷಗಳ ಉಳಿತಾಯವನ್ನು ಒಂದೇ ದಿನಕ್ಕೆ ತಿನ್ನುತ್ತದೆ. ಹೆದ್ದಾರಿ ಬದಿಯಲ್ಲಿ "ಬಯೋಡೀಸೆಲ್" ಎಂದು ಬಂಕಿಗಿಂತ ಹತ್ತು ಹದಿನೈದು ರೂಪಾಯಿ ಕಡಿಮೆಗೆ, ಬಿಲ್ಲಿಲ್ಲದೆ ಮಾರುವ ಸರಕಿನ ಅಪಾಯವೂ ಇದೇ. ಅದರಲ್ಲಿ ಏನು ಬೆರೆತಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಸಿ ಫಾರ್ಮ್ (ಹೊರರಾಜ್ಯದಿಂದ ಕಡಿಮೆ ತೆರಿಗೆಗೆ ಸರಕು ತರಿಸಲು ಕೊಳ್ಳುವವರು ಕೊಡುವ ಘೋಷಣಾ ಪತ್ರ) ವಿಷಯ ಒಂದು ಕಾಲಕ್ಕೆ ನಿಜವಾಗಿತ್ತು. ಕೈಗಾರಿಕೆ, ಗಣಿ, ದೊಡ್ಡ ಗುತ್ತಿಗೆದಾರರು ಬೇರೆ ರಾಜ್ಯದಿಂದ ಸಗಟು ಡೀಸೆಲ್ಲನ್ನು 2% ಕೇಂದ್ರ ಮಾರಾಟ ತೆರಿಗೆಗೆ ತರಿಸುತ್ತಿದ್ದರು. ಕೋರ್ಟು ಮೆಟ್ಟಿಲೇರಿ ಗೆದ್ದವರೂ ಇದ್ದರು. 2021ರ ಹಣಕಾಸು ಕಾಯ್ದೆ ಆ ಬಾಗಿಲು ಮುಚ್ಚಿತು. ಈಗ ಅದೇ ಸರಕನ್ನು ಮರುಮಾರಾಟ ಮಾಡುವವರು ಅಥವಾ ಅದರಿಂದ ಜಿಎಸ್‌ಟಿಯ ಹೊರಗಿರುವ ಅಂಥದೇ ಸರಕನ್ನು ತಯಾರಿಸುವವರು ಮಾತ್ರ ಆ ಫಾರ್ಮ್ ಬಳಸಬಹುದು. ಸಾಗಣೆದಾರರು ಸ್ವಂತ ವಾಹನಕ್ಕೆ ಸುರಿಯಲು ತರಿಸಿದರೆ ಪೂರ್ತಿ ತೆರಿಗೆ, ಮೇಲೆ ದಂಡ.

ಜಿಎಸ್‌ಟಿ ಬಂದರೆ? ಸಂವಿಧಾನದ 279ಎ ವಿಧಿಯಲ್ಲಿ ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ, ವಿಮಾನ ಇಂಧನ ಇವೈದನ್ನು ಯಾವಾಗಿನಿಂದ ಸೇರಿಸಬೇಕೆಂದು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು ಎಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ನಡೆದ ಸಭೆ, ಇದು ಅದಕ್ಕೆ ಸಮಯವಲ್ಲ ಎಂದಿತು. ಮುಂದೆ ಬಂದರೂ ರಾಜ್ಯ ರಾಜ್ಯಗಳ ನಡುವಿನ ಅಂತರ ಬಹುಮಟ್ಟಿಗೆ ಅಳಿಯಬಹುದೇ ಹೊರತು ಶಿವಮೊಗ್ಗ–ಮಂಗಳೂರು ಅಂತರ ಅಳಿಯದು, ಟ್ಯಾಂಕರ್ ಬಾಡಿಗೆ ಎಲ್ಲಿಗೂ ಹೋಗುವುದಿಲ್ಲ. ನಿಜವಾದ ಪ್ರಯೋಜನ ನಿಮ್ಮಂಥ ಬಾಡಿಗೆ ವಾಹನದವರಿಗೆ ಆಗಬಹುದು: ಜಿಎಸ್‌ಟಿ ನೋಂದಣಿ ಇದ್ದವರಿಗೆ, ನಿಯಮ ಒಪ್ಪಿದರೆ, ಡೀಸೆಲ್ಲಿಗೆ ಕಟ್ಟಿದ ತೆರಿಗೆ ವಾಪಸು ಹೊಂದಿಸಿಕೊಳ್ಳುವ ಅವಕಾಶ. ಈಗ ಆ ಅವಕಾಶವಿಲ್ಲ.

ಕೊನೆಗೆ ಅಳತೆಯ ಮಾತು. ಪ್ರತಿ ಬಂಕ್‌ನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆ ಆದರೆ ನಿಯಮದೊಳಗೇ ಇದೆ. ಆದರೆ ಆ 25 ಮಿಲಿಲೀಟರ್ ಎಂದರೂ ಡೀಸೆಲ್ ಲೀಟರಿಗೆ 45 ಪೈಸೆ ಆಯಿತು. ಅದರ ಮೂರ್ನಾಲ್ಕು ಪಟ್ಟು ಕಡಿಮೆ ಹಾಕುವ ಬಂಕ್ ಸಿಕ್ಕರೆ ಮಂಗಳೂರಿನ ಅಗ್ಗದ ದರವೂ ಉಪಯೋಗಕ್ಕೆ ಬಾರದು. ನೀವು ಖಾಯಂ ತುಂಬಿಸುವ ಒಂದೆರಡು ಬಂಕ್‌ಗಳಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿ. ಪಾತ್ರೆಯನ್ನು ಸಮತಟ್ಟಾದ ನೆಲದ ಮೇಲೆ ಇಡಿಸಿ, ಮೀಟರ್ ಸೊನ್ನೆಗೆ ಬಂದದ್ದು ನೋಡಿ, ನಾಜಲ್ ಮಧ್ಯೆ ಬಿಟ್ಟುಬಿಟ್ಟು ಒತ್ತದೆ ಒಂದೇ ಸಮನೆ ಹಾಕಲು ಹೇಳಿ, ಐದು ತೋರಿಸಿದ ಮೇಲೆ ಪಾತ್ರೆಯ ಕತ್ತಿನ ಗೆರೆ ನೋಡಿ. ಕಲಬೆರಕೆಯ ಅನುಮಾನವಿದ್ದರೆ ಪೆಟ್ರೋಲಿಗೆ ಫಿಲ್ಟರ್ ಪೇಪರ್ ಕೇಳಿ. ನಾಜಲ್ ತುದಿ ಒರೆಸಿ ಒಂದು ಹನಿ ಬಿಟ್ಟರೆ ಎರಡು ನಿಮಿಷದೊಳಗೆ ಕಲೆ ಉಳಿಯದೆ ಆರಬೇಕು. ಡೀಸೆಲ್ಲಿಗೆ ಆ ಪರೀಕ್ಷೆ ನಡೆಯುವುದಿಲ್ಲ, ಸಾಂದ್ರತೆ ನೋಡಬೇಕು: ಅಂದು ಬಂಕ್‌ನಲ್ಲಿ ದಾಖಲಿಸಿದ ಅಂಕಿಗೂ ನಿಮ್ಮೆದುರು ಅಳೆದು 15 ಡಿಗ್ರಿಗೆ ಪರಿವರ್ತಿಸಿದ ಅಂಕಿಗೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ, ನೆಲದಡಿಯ ಟ್ಯಾಂಕಿನ ಉಷ್ಣತೆ ಹಗಲು ರಾತ್ರಿ ಹೆಚ್ಚು ಬದಲಾಗುವುದಿಲ್ಲ. ಅಳತೆ ಕಡಿಮೆ ಬಂದರೆ ಬಿಲ್ಲು ಪಡೆದು, ದಿನಾಂಕ, ಸಮಯ, ಯಂತ್ರ ಮತ್ತು ನಾಜಲ್ ಸಂಖ್ಯೆ ಬರೆದುಕೊಂಡು ಬಂಕ್‌ನ ದೂರು ಪುಸ್ತಕದಲ್ಲಿ ದಾಖಲಿಸಿ, ಅದರ ಫೋಟೊ ಜೊತೆ ಕಂಪನಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಜಿಲ್ಲಾ ಕಚೇರಿಗೂ ದೂರು ಕೊಡಿ. ನಾಜಲ್ ಸಂಖ್ಯೆ ಇಲ್ಲದ ದೂರಿನ ಮೇಲೆ ಇನ್‌ಸ್ಪೆಕ್ಟರ್ ಯಾವ ಯಂತ್ರ ಪರೀಕ್ಷಿಸಬೇಕು ಎಂದೇ ತಿಳಿಯದೆ ವಾಪಸಾಗಬೇಕಾಗುತ್ತದೆ.